ಕಣ್ಣಿಗೆ ಹತ್ತು ಸಾವಿರ, ಕಿವಿಗೆ ಪುಕ್ಕಟೆ ಹಾಡು

ಗುಂಡಗುರ್ತಿಯಿಂದ ಚಿಂಚೋಳಿಯವರೆಗೆ ಯಾವ ಊರಿನ ಚಾದಂಗಡಿಯಲ್ಲಿ ಕೂತರೂ ಒಬ್ಬ ಕಿರುಚಿತ್ರ ನಿರ್ದೇಶಕ ಕಣ್ಣಿಗೆ ಬೀಳುತ್ತಾನೆ. ಗುರುತು ಹಿಡಿಯುವುದು ಸುಲಭ: ಮೇ ತಿಂಗಳ ಬಿಸಿಲಲ್ಲೂ ಕರಿ ಅಂಗಿ, ಕೈಯಲ್ಲಿ ಫೋನು ಅಲುಗದಂತೆ ಹಿಡಿಯುವ ಗಿಂಬಲ್, ಎದುರಿಗೆ ಎಮ್ಮೆ ಬಂದರೂ ಬೆರಳಿನ ಚೌಕಟ್ಟು ಕಟ್ಟಿ ನೋಡುವ ಅಭ್ಯಾಸ. ಹಗಲಿನಲ್ಲಿ ಅವನು ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆ ಕೆಲಸಗಾರನೋ, ಮೊಬೈಲ್ ರಿಪೇರಿಯವನೋ, ಡಿ.ಎಡ್. ಮುಗಿಸಿ ನೇಮಕಾತಿ ಕಾಯುವವನೋ ಆಗಿರುತ್ತಾನೆ. ಅವನ ಚಿತ್ರದಲ್ಲಿ ನಾಯಕ ಅಕ್ಕನ ಮಗ, ಖಳನಾಯಕ ಯಾರ ಹತ್ತಿರ ಬುಲೆಟ್ ಗಾಡಿ ಇದೆಯೋ ಅವನು. ಕಾಸಿಲ್ಲದವನಿಗೆ ಸಿನಿಮಾ ಹುಚ್ಚು ಯಾಕೆ ಎಂದು ಊರು ನಗುತ್ತದೆ. ನಗಲಿ, ಆದರೆ ಊರು ತಪ್ಪು ಕಾರಣಕ್ಕೆ ನಗುತ್ತಿದೆ. ಕಾಸು ಹೇಗೋ ಹೊಂದಿಸಿಕೊಳ್ಳುತ್ತಾನೆ. ಅವನಿಗೆ ಸಾಲದೆ ಬಂದಿರುವುದು ಕಿವಿ.

ಅವನ ಖರ್ಚಿನ ಚೀಟಿಯೇ ಇದಕ್ಕೆ ಸಾಕ್ಷಿ. ಕಂತಿನ ಮೇಲೆ ತಂದ ಹತ್ತು ಸಾವಿರದ ಗಿಂಬಲ್, ಎರಡು ಎಲ್‌ಇಡಿ ಲೈಟು, ಮದುವೆ ವಿಡಿಯೋದವನಿಂದ ಒಪ್ಪೊತ್ತಿಗೆ ಬಾಡಿಗೆ ಹಿಡಿದ ಡ್ರೋನ್. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಕಾಲರ್ ಮೈಕಿನ ಹೆಸರೇ ಅಲ್ಲಿಲ್ಲ. ಹೋಗಲಿ, ಸದ್ದಿಲ್ಲದ ಸೀಮೆಯಾದರೂ ನಮ್ಮದೇ? ವಾಡಿ ಜಂಕ್ಷನ್ನಿನಲ್ಲಿ ಪ್ರೇಮ ನಿವೇದನೆ ಶುರುವಾದರೆ ಗೂಡ್ಸ್ ಗಾಡಿ ದಾಟುವಷ್ಟರಲ್ಲಿ ನಿವೇದನೆಯೇ ಮುಗಿದಿರುತ್ತದೆ. ಮಳಖೇಡದ ಕೋಟೆ ಹತ್ತಿದರೆ ಗಾಳಿಯದೇ ಸಂಭಾಷಣೆ. ಮನೆಯೊಳಗೆ ಬಂದರೆ ನೆಲಕ್ಕೂ ಗೋಡೆಗೂ ಶಹಾಬಾದದ ಕಲ್ಲು. ಮೂರು ಮಾರು ದೂರದ ಫೋನಿಗೆ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಇದಕ್ಕೆಲ್ಲ ನಮ್ಮ ನಿರ್ದೇಶಕ ಕಂಡುಕೊಂಡ ಮದ್ದು ಸ್ಲೋ ಮೋಷನ್. ಸೆಕೆಂಡಿಗೆ 120 ಫ್ರೇಮು ಹಿಡಿದು 24ರಲ್ಲಿ ಓಡಿಸಿದರೆ ಹತ್ತು ಸೆಕೆಂಡಿನ ನಡಿಗೆ ಐವತ್ತು ಸೆಕೆಂಡಾಗುತ್ತದೆ, ಮಾತು ಉಳಿಯುವುದಿಲ್ಲ, ಮೇಲೊಂದು ಪುಕ್ಕಟೆ ಸಂಗೀತ ಹೊದಿಸಿದರಾಯಿತು. ಕಥೆಗೆ ಸಿಕ್ಕುವುದು ನಾಯಕ ತೊಗರಿ ಹೊಲ ದಾಟಿದ ನಂತರ ಉಳಿದ ಸಮಯ.

ಇದಕ್ಕಿಂತ ದೊಡ್ಡ ಕಿವುಡು ಮಾತಿನಲ್ಲಿದೆ. ‘ಆ್ಯಕ್ಷನ್’ ಎಂದ ಕೂಡಲೇ ಸೇಡಂ ಹುಡುಗ ‘ನೀನು ನನ್ನನ್ನು ಬಿಟ್ಟು ಹೋಗಬೇಡ’ ಎಂದು ಬೆಂಗಳೂರಿನ ಧಾರಾವಾಹಿಯಂತೆ ಅಳುತ್ತಾನೆ. ‘ಕಟ್’ ಎಂದ ಕೂಡಲೇ ಅದೇ ಬಾಯಿ ‘ಏ ಮಾಮಾ, ಇನ್ನಾ ಎಷ್ಟ್ ಸಲ ಅಳ್ಬೇಕೊ, ಹೊಟ್ಟಿ ಹಸಿಲತ್ತದ’ ಅನ್ನುತ್ತದೆ. ಅಂದು ಚಿತ್ರೀಕರಣವಾದ ಏಕೈಕ ಸಹಜ ಸಂಭಾಷಣೆ ಅದು. ಮನೆಗೆ ಹೋದ ಮೇಲೆ ನಿರ್ದೇಶಕ ಮೊದಲು ಕತ್ತರಿಸುವುದೂ ಅದನ್ನೇ. ದಾರಿಯಲ್ಲಿ ಹೋಗುವ ಕಾಕಾ ನಿಂತು ‘ನಿಮ್ಮಪ್ಪ ಅಲ್ಲಿ ತೊಗರಿ ರಾಶಿ ಮಾಡ್ಲತ್ತಾನ, ನೀ ಇಲ್ಲಿ ಫೋನ್ ಹಿಡ್ಕೊಂಡು ಹಿಂದಹಿಂದಕ್ಕ ನಡಿಲತ್ತಿ’ ಎಂದರೆ, ತಂದೆ ಮಗನ ಕಥೆ ಒಂದೇ ಸಾಲಿನಲ್ಲಿ ಮುಗಿಯಿತು. ಆದರೆ ಆ ಶಾಟ್ ‘ಡಿಸ್ಟರ್ಬೆನ್ಸ್’ ಲೆಕ್ಕಕ್ಕೆ ಹೋಗುತ್ತದೆ.

ನಮ್ಮ ಮಾತು ಹೊರಗಿನವರಿಗೆ ತಿಳಿಯುವುದಿಲ್ಲ ಎಂಬುದು ಅವನ ಆಕ್ಷೇಪ. ಮಂಡ್ಯ ಸೀಮೆಯ ಹಳ್ಳಿಯವರನ್ನೇ ನಿಲ್ಲಿಸಿ, ಅವರ ಮಾತಲ್ಲೇ ಆಡಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದವರಿಗೆ ತಿಳಿಯಿತು, ಪ್ರಶಸ್ತಿಯೂ ಬಂತು. ಸಾಮಾನು ಸಾಲದು ಎಂಬುದು ಎರಡನೆಯದು. ಅದೇ ವರ್ಷ ಬಂದ ಅಮೆರಿಕದ ‘ಟ್ಯಾಂಜರೀನ್’ ಐಫೋನ್ 5ಎಸ್‌ನಲ್ಲಿ ತೆಗೆದದ್ದು. ಚಿತ್ರವನ್ನು ಫೋನಿಗೆ ಒಪ್ಪಿಸಿದವರು ಧ್ವನಿಯನ್ನು ಒಪ್ಪಿಸಲಿಲ್ಲ, ಅದಕ್ಕೆ ಬೇರೆ ಸಲಕರಣೆ ಇಟ್ಟರು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯಕರ ಕನ್ನಡ ಕಿರುಚಿತ್ರ ನಾಲ್ಕೇ ದಿನದಲ್ಲಿ ಚಿತ್ರೀಕರಣವಾದದ್ದು. ಅಜ್ಜಿಯೊಬ್ಬಳು ಹುಂಜ ಕದ್ದು ಊರಿಗೆ ಬೆಳಗೇ ಇಲ್ಲದಂತೆ ಮಾಡುವ ಜನಪದ ಕಥೆ ಅದು. ಒಂದು ಕೂಗು ನಿಂತದ್ದರ ಮೇಲೆ ಇಡೀ ಕಥೆ ನಿಂತಿದೆ.

ಹೆಚ್ಚು ಓದಿದ ನಿರ್ದೇಶಕನಾದರೆ ಇನ್ನೊಂದು ಬಾಣ ಬಿಡಬಹುದು. ಮಳಖೇಡವನ್ನು ಆಳಿದ ನೃಪತುಂಗನ ಕಾಲದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಂದು ಗುರುತಿಸಿದ್ದು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವಿನ ನಾಡನ್ನು. ರಾಜಧಾನಿಯಾದ ಮಳಖೇಡವೇ ಆ ಪಟ್ಟಿಯಲ್ಲಿಲ್ಲ. ಅಂದಮೇಲೆ ನಮ್ಮ ಮಾತಿನ ಸಂಕೋಚಕ್ಕೆ ಸಾವಿರದ ನೂರು ವರ್ಷದ ಆಧಾರವಿದೆ! ಒಳ್ಳೆಯ ವಾದ. ಆದರೆ ಓದು ಬರಹವಿಲ್ಲದವರಲ್ಲೂ ಕಾವ್ಯದ ಜಾಣ್ಮೆ ಕಂಡದ್ದೂ ಅದೇ ಗ್ರಂಥ. ಕಾಕಾನ ಸಾಲು ಆ ಖಾತೆಗೆ ಸೇರಬೇಕು.

ಹಾಗೆಂದು ಅವನನ್ನು ಮೂಲೆಗೆ ತಳ್ಳುವ ಮಾತಿಲ್ಲ. ಕಾಗಿಣಾ ನದಿ, ಕಲ್ಲಿನ ಗಣಿ, ಸಿಮೆಂಟಿನ ಧೂಳು ಹೊತ್ತ ಬೇವಿನ ಗಿಡ, ಇವನ್ನೆಲ್ಲ ಪರದೆಗೆ ತರಲು ದೊಡ್ಡ ಕಂಪನಿಗಳು ಸಾಲುಗಟ್ಟಿ ನಿಂತಿಲ್ಲ, ಇರುವವನು ಇವನೊಬ್ಬ. ಅಲುಗಿದ ಚಿತ್ರವನ್ನು ನೋಡುಗ ಸಹಿಸಿಕೊಳ್ಳುತ್ತಾನೆ, ಕೇಳದ ಮಾತಿಗೆ ಎದ್ದು ಹೋಗುತ್ತಾನೆ. ಆದ್ದರಿಂದ ಸಲಹೆಯೂ ಅಗ್ಗದ್ದೇ: ಗಿಂಬಲ್ ಮಾರಿಬಿಡಲಿ. ಮೈಕೂ ಬರುತ್ತದೆ, ಉಳಿದದ್ದರಲ್ಲಿ ಇಡೀ ತಂಡಕ್ಕೆ ಸುಸಲಾ, ಮಿರ್ಚಿಯೂ ಆಗುತ್ತದೆ. ಹೊಟ್ಟೆ ತುಂಬಿದ ನಾಯಕ ಮೂರನೆಯ ಟೇಕಿಗೂ ಅತ್ತಾನು.