ಗಂಜಿನ ಭಾಷ್ಯಕಾರ

ಕಲಬುರಗಿಯ ನೆಹರು ಗಂಜಿನಲ್ಲಿ, ತೊಗರಿಯ ಸುಗ್ಗಿ ಬಂತೆಂದರೆ ಚೀಲಗಳ ನಡುವೆ ಕಾಲಿಡಲು ಹಾದಿಯೂ ಉಳಿಯದ ಒಂದು ಅಡತ್ ಅಂಗಡಿಯ ಮಾಳಿಗೆಯ ಮೇಲೆ ಒಬ್ಬ ಭಾಷ್ಯಕಾರನಿದ್ದಾನೆ. ಯಜಮಾನರ ಮಗನೇ ಆತ. ಕೃತಕ ಬುದ್ಧಿಮತ್ತೆಯ ಏಜೆಂಟುಗಳು ತಾವಾಗಿಯೇ ಮೊಬೈಲ್ ಆ್ಯಪನ್ನು ತೆರೆದು, ಬಟನ್ ಒತ್ತಿ, ಸರಿಯೋ ತಪ್ಪೋ ಎಂದು ವರದಿಯೊಪ್ಪಿಸಲು ನೆರವಾಗುವ ಒಂದು ಟೆಸ್ಟಿಂಗ್ ಸಾಧನಕ್ಕೆ, ಬೆಂಗಳೂರಿನ ಯಾವುದೋ ಸಂಸ್ಥೆಯ ಪರವಾಗಿ ಡಾಕ್ಯುಮೆಂಟೇಶನ್ ಬರೆಯುವುದು ಆತನ ವೃತ್ತಿ. ಮಿತಾಕ್ಷರೆಯೆಂಬ ಟೀಕೆಯ ಕರ್ತೃ ವಿಜ್ಞಾನೇಶ್ವರನ ಊರೆಂದು ನಾವೆಲ್ಲ ಹೆಮ್ಮೆಪಡುವ ಮರತೂರು ಇಲ್ಲಿಗೆ ದೂರವಲ್ಲವಾದುದರಿಂದ, ಟೀಕೆ ಬರೆಯುವ ಚಪಲ ಈ ಸೀಮೆಯ ನೀರಿನಲ್ಲಿಯೇ ಇದ್ದೀತೆಂದು ನಾನು ಮೊದಲು ಸಮಾಧಾನ ತಂದುಕೊಂಡಿದ್ದೆ. ಆದರೆ ವಿಜ್ಞಾನೇಶ್ವರನ ಓದುಗರು ಮನುಷ್ಯರಾಗಿದ್ದರು.

2004ರಲ್ಲಿ ಹುಟ್ಟಿದ ಸೆಲೆನಿಯಮ್, ಅದರ ಹಾದಿ ಹಿಡಿದು ಮೊಬೈಲಿಗೆ ಬಂದ ಆ್ಯಪಿಯಮ್ ಮುಂತಾದ ಟೆಸ್ಟಿಂಗ್ ಸಾಧನಗಳ ಕಾಲದಲ್ಲಿ ಯಾವ ಬಟನ್ ಯಾವಾಗ ಒತ್ತಬೇಕೆಂಬುದನ್ನು ಪ್ರೋಗ್ರಾಮರನೇ ಬರೆದಿಡುತ್ತಿದ್ದನು. ಡಾಕ್ಯುಮೆಂಟನ್ನು ಓದಬೇಕಾದವನೂ ಅವನೇ, ಓದದೆ ಬಿಡುತ್ತಿದ್ದವನೂ ಅವನೇ. 2024ರ ನವೆಂಬರಿನಲ್ಲಿ ಆ್ಯಂತ್ರೋಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲನ್ನು ಪ್ರಕಟಿಸಿದ ಮೇಲಂತೂ, ಸಾಧನದೊಡನೆ ಲಗತ್ತಿಸಿದ ವರ್ಣನೆಯನ್ನೋದಿ, ಅದನ್ನು ಬಳಸಬೇಕೋ ಬೇಡವೋ ಎಂಬುದನ್ನು ಏಜೆಂಟೇ ನಿರ್ಣಯಿಸುವ ಪದ್ಧತಿ ವ್ಯಾಪಕವಾಯಿತು. ಹೀಗೆ, ಸಾಹಿತ್ಯಲೋಕದಲ್ಲಿ ಅತಿ ದುರ್ಲಭವಾದ, ಬರೆದುದೆಲ್ಲವನ್ನೂ ಓದುವ ಓದುಗನೊಬ್ಬ ನಮ್ಮ ಹುಡುಗನಿಗೆ ದೊರೆತನು. ಈ ಮಾತನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಬರೆಯಲಾರೆ.

ಆ ಓದುಗನ ಸಹವಾಸದಿಂದ ಆತನ ನಡೆನುಡಿಗಳೇ ಬದಲಾಗಿವೆ. ಕೊಳವೆ ಚುಚ್ಚಿ ತೆಗೆದ ಹಿಡಿ ಕಾಳಿನಿಂದ ಇಡೀ ಚೀಲದ ಧಾರಣೆ ಹೇಳುವ ಈ ಪೇಟೆಯಲ್ಲಿ, ತಂದೆ ಗಿರಾಕಿಗೆ "ಮಾಲು ಚಲೋ ಅದರಿ" ಎಂದರೆ, ಮಗ ಮೆಟ್ಟಿಲ ಮೇಲಿಂದಲೇ "ಚಲೋ ಅಂದ್ರ ಏನು ಅಂತ ಬಿಡಿಸಿ ಹೇಳ್ರಿ ಅಪ್ಪಾಜಿ" ಎನ್ನುತ್ತಾನೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿಯ ತೊಗರಿಗೆ ಇಂಥ ಅಪಮಾನ ಹಿಂದೆಂದೂ ಆಗಿರಲಾರದು. ಲಗ್ನಪತ್ರಿಕೆ ಕೈಗೆ ಬಂದರೆ "ಸಹಕುಟುಂಬ ಸಪರಿವಾರ" ಎಂಬಲ್ಲಿ ಪೆನ್ಸಿಲಿನಿಂದ ಗೀಟೆಳೆದು, ಪರಿವಾರದ ಮಿತಿಯೆಷ್ಟೆಂದು ಕೇಳುತ್ತಾನೆ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದುದೆಂದರೆ, ತಾನು ಬರೆದುದನ್ನು ಏಜೆಂಟಿಗೆ ಒಪ್ಪಿಸುವ ಮುನ್ನ ನನ್ನ ಮೇಲೆ ಪ್ರಯೋಗಿಸುವ ಆತನ ಅಭ್ಯಾಸ. ಜನವರಿಯ ಒಂದು ಮಧ್ಯಾಹ್ನ, ಹಮಾಲರು ಚೀಲ ಇಳಿಸುತ್ತಿರಲು, ಚಹಾದ ಆಸೆಯಿಂದ ಒಳಹೊಕ್ಕ ನನ್ನನ್ನು ಗಾದಿಯ ಮೇಲೆ ಕುಳ್ಳಿರಿಸಿ, ಒಂದು ಫೋನನ್ನೂ ಒಂದು ಹಾಳೆಯನ್ನೂ ಕೈಗಿತ್ತನು. ಫೋನಿನಲ್ಲಿ ಅಂಗಡಿಗೆಂದು ಆತನೇ ಮಾಡಿದ ತೂಕದ ಚೀಟಿಯ ಆ್ಯಪಿತ್ತು; ಹಾಳೆಯಲ್ಲಿ, ಅದನ್ನು ಪರೀಕ್ಷಿಸಲು ಏಜೆಂಟಿಗೆಂದು ಬರೆದ ಸೂಚನೆಗಳಿದ್ದವು.

"ಕಾಕಾ, ನೀವೀಗ ಮನುಷ್ಯರಲ್ಲ ಅಂತ ತಿಳ್ಕೋರಿ. ಬರದದ್ದಷ್ಟೇ ಮಾಡ್ರಿ. ಸ್ವಂತ ಬುದ್ಧಿ ಉಪಯೋಗಿಸಬ್ಯಾಡ್ರಿ."

ಈ ಕಡೆಯ ಷರತ್ತನ್ನು ಪಾಲಿಸುವುದು ನನಗೆ ಕಷ್ಟವಾಗದೆಂದು ಆತನು ನಂಬಿದ್ದಂತೆ ತೋರಿತು. ಹಾಳೆಯಲ್ಲಿದ್ದಂತೆ ಹೊಸ ಚೀಟಿ ತೆರೆದೆ. ಒಡನೆಯೇ ಫೋನು, ಲೊಕೇಶನ್ ನೋಡಲು ಅನುಮತಿ ಬೇಕೆಂದು ಒಂದು ಪೆಟ್ಟಿಗೆಯನ್ನು ಮುಂದೊಡ್ಡಿತು. ಹಾಳೆಯಲ್ಲಿ ಆ ಪ್ರಸ್ತಾಪವೇ ಇರಲಿಲ್ಲ. ನಾನು ಕೈಕಟ್ಟಿ ಕುಳಿತೆ. "ಬರೋಬ್ಬರಿ! ಏಜೆಂಟೂ ಇಲ್ಲೇ ನಿಂತದ ನೋಡ್ರಿ!" ಎಂದು ಹಿಗ್ಗಿ, ಒಂದು ವಾಕ್ಯವನ್ನು ಸೇರಿಸಿದನು. ತೂಕ ನಮೂದಿಸಿದರೆ ಕೀಬೋರ್ಡು ಮೇಲೆದ್ದು "ಉಳಿಸು" ಬಟನನ್ನು ಮುಚ್ಚಿತು, ಮತ್ತೊಂದು ವಾಕ್ಯ. ಕೊನೆಗೆ ಬಟನ್ ಒತ್ತಿ, ಆಯಿತಪ್ಪಾ ಎಂದರೆ, "ಒತ್ತಿದ್ರ ಆತು ಅಂತಲ್ರಿ ಕಾಕಾ, ಚೀಟಿ ಯಾದ್ಯಾಗ ಕಂಡದೇನು? ಏಜೆಂಟ್ ಸೈತ ಹಿಂಗೇ ನೋಡದನ ಆತು ಅಂತದ" ಎಂದನು. ಅಷ್ಟರಲ್ಲಿ ಯಾರ ತೊಗರಿಯ ತೂಕವನ್ನು ನಾನು ನಮೂದಿಸಿದ್ದೆನೋ ಆ ರೈತನು ಮುನೀಮರಿಂದ ಪೆನ್ನಿನಲ್ಲಿ ಬರೆದ ಚೀಟಿ ಪಡೆದು ಆಳಂದದ ಬಸ್ಸು ಹಿಡಿದಿದ್ದನು. ಚಹಾ ಆರಿತ್ತು.

ಅಂದೇ ಆತನ ತಾಯಿ ಫೋನು ಮಾಡಿದರು. "ಊಟ ಆಯ್ತೇನಪಾ?" ಎಂದು ಕೇಳಿದ್ದು ನನಗೂ ಕೇಳಿಸಿತು. "ಹೂಂ" ಎಂದನು. ಆಗಿರಲಿಲ್ಲ; ಡಬ್ಬಿ ನನ್ನೆದುರಿಗೇ ಮುಚ್ಚಿಕೊಂಡಿತ್ತು. ಅನುಮತಿಯ ಪೆಟ್ಟಿಗೆಗೆ ಒಂದು ಪೂರ್ಣ ವಾಕ್ಯ ಬರೆದವನು ಆಕೆಗೆ ಒಂದಕ್ಷರದಲ್ಲಿ ಉತ್ತರವಿತ್ತನೆಂದು ಬೈಯಬೇಕೆನಿಸಿತು. ಆದರೆ ನಾನೂ ನನ್ನ ತಾಯಿಗೆ ಊರಿಂದೂರಿಗೆ ಬರೆದ ಕಾಗದಗಳೆಲ್ಲ "ಇತ್ತ ಎಲ್ಲ ಕ್ಷೇಮ" ಎಂಬಲ್ಲಿಗೇ ಮುಗಿಯುತ್ತಿದ್ದವಲ್ಲವೇ?

ಆತನಿಂದ ಒಂದು ಉಪಕಾರವಾದುದನ್ನೂ ಹೇಳಲೇಬೇಕು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲೆಂದು ಫೋನು ಬಟನುಗಳ ಹೆಸರನ್ನು ಒಳಗೆ ಇಟ್ಟುಕೊಂಡಿರುತ್ತದಷ್ಟೆ. ಇಂಥ ಟೆಸ್ಟಿಂಗ್ ಸಾಧನಗಳು ಏಜೆಂಟಿಗೆ ತೋರಿಸುವುದು ಹಲವೊಮ್ಮೆ ಅದೇ ಹೆಸರುಗಳನ್ನು. ಮೋತಿಬಿಂದುವಿನಿಂದ ದೃಷ್ಟಿ ಮಸುಕಾದ ಮುನೀಮರ ಫೋನು ತೂಕದ ಚೀಟಿಯ ಆ್ಯಪಿನಲ್ಲಿ ಎಲ್ಲಿ ಮುಟ್ಟಿದರೂ ಬರಿದೆ "ಬಟನ್, ಬಟನ್" ಎನ್ನುತ್ತಿತ್ತು. ಅವರು ಗೊಣಗುತ್ತ ವಹಿಯನ್ನೇ ನೆಚ್ಚಿದ್ದರು. ಏಜೆಂಟು ತಡವರಿಸಿದಾಗ ಮಾತ್ರ ಹುಡುಗ ರಾತ್ರಿಯೆಲ್ಲ ಕುಳಿತು ಒಂದೊಂದಕ್ಕೂ ನಾಮಕರಣ ಮಾಡಿದನು. ಮರುದಿನ ಫೋನು ಸ್ಪಷ್ಟವಾಗಿ "ಉಳಿಸು" ಎಂದಾಗ ಮುನೀಮರು ಗಾದಿಯಿಂದೆದ್ದು ಆತನ ಬೆನ್ನು ತಟ್ಟಿ, "ಭಾಳ ಚಲೋ ಮಾಡಿದಿ ತಮ್ಮಾ" ಎಂದರು. ಹುಡುಗನ ಕಣ್ಣು ಅರಳಿತು. "ಚಲೋ ಅಂದ್ರ ಹ್ಯಾಂಗ್ರಿ ಮುನೀಮರ? ಇಲ್ಲಿ ಕೂಡ್ರಿ, ನೀವೀಗ ಮನುಷ್ಯರಲ್ಲ ಅಂತ ತಿಳ್ಕೋರಿ" ಎನ್ನುತ್ತ ಆತನು ಎರಡನೆಯ ಹಾಳೆಯನ್ನು ತೆಗೆಯುತ್ತಿರುವಾಗ, ನಾನು ಚೀಲಗಳ ಸಂದಿಯಿಂದ ಬೀದಿಗೆ ನುಸುಳಿದೆನು.