ಘಟನೋತ್ತರ ಒಪ್ಪಿಗೆ

ಗೆ,
ಮಾನ್ಯ ಅಧ್ಯಕ್ಷರು ಮತ್ತು ನಿರ್ದೇಶಕ ಮಂಡಳಿಯ ಸರ್ವ ಸದಸ್ಯರು,
ಸ್ಮಾರ್ಟ್ ಸಿಟಿ ಲಿಮಿಟೆಡ್,
ಬೆಳಗಾವಿ / ದಾವಣಗೆರೆ / ಹುಬ್ಬಳ್ಳಿ-ಧಾರವಾಡ / ಮಂಗಳೂರು / ಶಿವಮೊಗ್ಗ / ತುಮಕೂರು / ಬೆಂಗಳೂರು
(ಅನ್ವಯಿಸದ ಊರುಗಳನ್ನು ಹೊಡೆದುಹಾಕುವುದು)

ವಿಷಯ: ನಮ್ಮನ್ನು ಕೇಳದೆ ಮಾಡಿ ಮುಗಿಸಿದ ಊರಿನ ಪುನರುಜ್ಜೀವನಕ್ಕೆ ನಾಗರಿಕರ ಘಟನೋತ್ತರ ಒಪ್ಪಿಗೆ ನೀಡುವ ಬಗ್ಗೆ.
ಉಲ್ಲೇಖ: ನಮ್ಮ ಮನೆ ಮುಂದಿನ ರಸ್ತೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸರ್ಕಾರಿ ಕಚೇರಿಗಳಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಕೆಲಸ ಮೊದಲು ಮಾಡಿಬಿಡುವುದು, ಅನುಮತಿ ಆಮೇಲೆ ಪಡೆಯುವುದು. ಕಡತದ ಭಾಷೆಯಲ್ಲಿ ಅದು ಘಟನೋತ್ತರ ಮಂಜೂರಾತಿ. 2015ರ ಜೂನ್ 25ರಂದು ಶುರುವಾದ ಸ್ಮಾರ್ಟ್ ಸಿಟಿ ಯೋಜನೆ, ಐದು ವರ್ಷದ್ದೆಂದು ಹೊರಟು, ಗಡುವಿನ ಮೇಲೆ ಗಡುವು ಪಡೆದು, 2025ರ ಮಾರ್ಚ್ 31ಕ್ಕೆ ಮುಕ್ತಾಯವಾಯಿತು. ಕಡತದಲ್ಲಿ ಎಲ್ಲರ ಸಹಿಯೂ ಇದೆ, ಊರಿನವರದ್ದೊಂದನ್ನು ಬಿಟ್ಟು. ನಾಳೆ ಯಾರಾದರೂ ಆಡಿಟ್ ಆಕ್ಷೇಪಣೆ ಎತ್ತಿದರೆ ತಮಗೆ ಮುಜುಗರ ಆಗಬಾರದಲ್ಲ, ಅದಕ್ಕೇ ಈ ಪತ್ರ.

ಮೊದಲು ಅಭಿನಂದನೆ. ಊರು ನಡೆಸುವುದು ಎಂಥ ರಗಳೆಯ ಕೆಲಸವೆಂದು ಈ ಯೋಜನೆ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಪಾಲಿಕೆ ಎಂದಮೇಲೆ ಸದಸ್ಯರು, ಸದಸ್ಯರೆಂದಮೇಲೆ ವಾರ್ಡು, ವಾರ್ಡೆಂದಮೇಲೆ ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದು ‘ನಲ್ಲಿ ಬಂದಿಲ್ಲ’ ಅನ್ನುವ ಜನ. ಅದಕ್ಕೇ ಊರಿಗೊಂದು ಕಂಪನಿ ಮಾಡಿದರು. 2013ರ ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿ. ಷೇರಿನಲ್ಲಿ ರಾಜ್ಯ ಸರ್ಕಾರದ್ದು ಅರ್ಧ, ಪಾಲಿಕೆಯದ್ದು ಅರ್ಧ. ಮಂಡಳಿಯಲ್ಲಿ ಕೇಂದ್ರದ ಪ್ರತಿನಿಧಿ, ರಾಜ್ಯದ ಅಧಿಕಾರಿಗಳು, ಪಾಲಿಕೆಯವರು, ಸ್ವತಂತ್ರ ನಿರ್ದೇಶಕರು. ಯೋಜನೆಯ ಮಟ್ಟಿಗೆ ಪಾಲಿಕೆ ಕೌನ್ಸಿಲ್ಲಿಗಿದ್ದ ಹಕ್ಕು-ಹೊಣೆಗಳನ್ನು ಕಂಪನಿಗೆ ವಹಿಸಿಕೊಡಿ, ತೀರ್ಮಾನಿಸುವ ಅಧಿಕಾರವನ್ನು ಅದರ ಸಿಇಒಗೆ ಕೊಡಿ ಎಂದು ಮಾರ್ಗಸೂಚಿಯೇ ಹುರಿದುಂಬಿಸಿತು. ಮನೆ ಯಜಮಾನನನ್ನು ಜಗಲಿಯ ಮೇಲೆ ಕೂರಿಸಿ, ಒಳಗೆ ಅವನದೇ ಅಡುಗೆಮನೆ ಒಡೆದು ಕಟ್ಟಿದಂತಾಯಿತು. ಖರ್ಚಿನಲ್ಲಿ ಅವನ ಪಾಲೂ ಇತ್ತು ಎಂಬುದು ಬೇರೆ ಮಾತು.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳು ಅದು ತಂದ ಹನ್ನೆರಡನೇ ಅನುಸೂಚಿಯಲ್ಲಿವೆ. ಪಟ್ಟಿಯ ಮೊದಲನೆಯದು ನಗರ ಯೋಜನೆ, ಕೊನೆಯದು ಕಸಾಯಿಖಾನೆ ಮತ್ತು ಚರ್ಮ ಹದ ಮಾಡುವ ಜಾಗಗಳ ನಿಯಂತ್ರಣ. ತಾವು ಪಟ್ಟಿಯ ಮೇಲಿನ ತುದಿಯನ್ನು ಹಿಡಿದುಕೊಂಡು ಕೆಳಗಿನ ತುದಿಯನ್ನು ಪಾಲಿಕೆಗೆ ಬಿಟ್ಟಿರಿ. ಇಂಥ ಉದಾರತೆಯನ್ನು ನಾವು ಮರೆಯುವುದಿಲ್ಲ.

ಬೆಳಗಾವಿ ಮತ್ತು ಹುಬ್ಬಳ್ಳಿ-ಧಾರವಾಡದ ಮಂಡಳಿಗಳ ಅದೃಷ್ಟವಂತೂ ಇನ್ನೂ ದೊಡ್ಡದು. ಅಲ್ಲಿ 2019ರಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದರೆ, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದ ಕಾರ್ಪೊರೇಟರುಗಳ ಜಾಗಕ್ಕೆ, ಯೋಜನೆಯೇ ಮುಗಿದು ಹೋಗುವವರೆಗೂ ಬೇರೆ ಯಾರೂ ಬರಲಿಲ್ಲ. ಕೇಳುವವರಿಲ್ಲದ ಕಾಲದಲ್ಲಿ ಅಗೆದ ರಸ್ತೆಯಷ್ಟು ನೆಮ್ಮದಿಯಾಗಿ ಇನ್ನಾವ ರಸ್ತೆಯನ್ನೂ ಅಗೆಯಲಾಗದು.

‘2015ರಲ್ಲಿ ನಿಮ್ಮನ್ನು ಕೇಳಿದ್ದೆವಲ್ಲ’ ಎಂದು ತಾವು ನೆನಪಿಸಬಹುದು. ನಿಜ, ಕೇಳಿದಿರಿ. ಊರೂರುಗಳ ನಡುವೆ ಸ್ಪರ್ಧೆ ಇತ್ತು, ಜನರ ಪಾಲ್ಗೊಳ್ಳುವಿಕೆಗೂ ಅಂಕಗಳಿದ್ದವು. ನಾವು ಮೈಗೌ ತಾಣದಲ್ಲಿ ಬರೆದೆವು, ನಮೂನೆಯಲ್ಲಿ ಟಿಕ್ ಹಾಕಿದೆವು. ಕುಡಿಯುವ ನೀರು, ಚರಂಡಿ, ಕಸ, ಬಸ್ಸು ಎಂದು ಜನ ಸಾಮಾನ್ಯವಾಗಿ ಕೇಳುವುದನ್ನೇ ಕೇಳಿದೆವು. 2016ರ ಜನವರಿಯಲ್ಲಿ ಮೊದಲ 20 ಊರುಗಳ ಪಟ್ಟಿ ಬಂದು ಅದರಲ್ಲಿ ದಾವಣಗೆರೆ, ಬೆಳಗಾವಿಯ ಹೆಸರು ಕಂಡಾಗ ಇಲ್ಲಿ ಪಟಾಕಿ ಹೊಡೆದವರಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ-ಧಾರವಾಡ. 2017ರ ಜೂನ್‌ನಲ್ಲಿ ಬೆಂಗಳೂರು. ಅಂಕ ಬಂದಮೇಲೆ ಉತ್ತರಪತ್ರಿಕೆಯನ್ನು ಯಾರು ತೆಗೆದು ನೋಡುತ್ತಾರೆ? ದುಡ್ಡಿನ ದೊಡ್ಡ ಪಾಲು ಊರಿನ ಆಯ್ದ ಒಂದು ತುಂಡಿಗೆ ಹೋಯಿತು. ಮಾರ್ಗಸೂಚಿಯಲ್ಲೇ ಅಳತೆ ಇದೆ: ಇದ್ದದ್ದನ್ನು ಸುಧಾರಿಸುವುದಾದರೆ 500 ಎಕರೆಗಿಂತ ಹೆಚ್ಚು, ಕೆಡವಿ ಕಟ್ಟುವುದಾದರೆ 50 ಎಕರೆಗಿಂತ ಹೆಚ್ಚು. ಗೆರೆಯ ಈಚೆ ಮನೆಯಿದ್ದವರು ಸ್ಮಾರ್ಟ್ ಆದರು. ಆಚೆ ಇದ್ದವರು ಕಣ್ಗಾವಲು ಕ್ಯಾಮೆರಾದಲ್ಲಿ ಕಾಣಿಸಿಕೊಳ್ಳುವ ಭಾಗ್ಯ ಪಡೆದರು.

ಮಾಡಿದ್ದರಲ್ಲಿ ಒಳ್ಳೆಯದೇ ಇಲ್ಲವೆಂದರೆ ನಾಲಿಗೆ ಸೀಳೀತು. ಯೋಜನೆಯಲ್ಲಿ ಕಟ್ಟಿದ ನಿಯಂತ್ರಣ ಕೇಂದ್ರಗಳಲ್ಲಿ ಹಲವು ಕೋವಿಡ್ ಕಾಲದಲ್ಲಿ ವಾರ್ ರೂಮ್‌ಗಳಾಗಿ ಕೈಹಿಡಿದವು. ಶಿವಮೊಗ್ಗದಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಕನ್ಸರ್ವೆನ್ಸಿ ಗಲ್ಲಿಗಳು ನಡೆದಾಡುವ ಹಾಗಾದವು. ತುಮಕೂರಿನ ಅಮಾನಿಕೆರೆಯ ಏರಿ ಮೇಲೆ ಸಂಜೆ ವಾಕಿಂಗ್ ಹೋಗುವವರು ತಮ್ಮನ್ನು ನೆನೆದರೆ ಆಶ್ಚರ್ಯವಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ಹಿಂದೆ ಕೆಡವಿದ್ದ ಗಡಿಯಾರ ಗೋಪುರವನ್ನು ಇದೇ ಯೋಜನೆಯಲ್ಲಿ ಮತ್ತೆ ಕಟ್ಟಿದರು. ಪುನರುಜ್ಜೀವನವೆಂದರೆ ಹೀಗಿರಬೇಕು. ಒಂದು ತಲೆಮಾರಿನ ಆಡಳಿತ ಕೆಡವಬೇಕು, ಮುಂದಿನದು ಅದನ್ನೇ ಕಟ್ಟಬೇಕು, ಎರಡಕ್ಕೂ ಟೆಂಡರ್ ಕರೆಯಬೇಕು.

ದಾವಣಗೆರೆಯವರು ತಮ್ಮ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶವನ್ನು ಸೇರಿಸಿಕೊಂಡಿದ್ದರು. ಹಳೇ ಟೈರು ಉರಿಸಿದ ಕರಿ ಹೊಗೆಯಲ್ಲಿ ನಿಂತು ಊರಿನ ಮಿರ್ಚಿ-ಮಂಡಕ್ಕಿಗೆ ಮಂಡಕ್ಕಿ ಹುರಿಯುವವರ ಬದುಕು ಹಸನಾಗಬೇಕಾದದ್ದೇ. ಆದರೆ ಭಟ್ಟಿಯ ಉರಿ ಎಷ್ಟಿರಬೇಕು, ಯಾವ ಇಂಧನ ಕೈಗೆಟಕುತ್ತದೆ, ಕೆಲಸ ನಿಂತ ದಿನ ಕೂಲಿ ಯಾರು ಕೊಡುತ್ತಾರೆ ಎಂಬುದು ಗೊತ್ತಿರುವವರು ಅವರೇ. ಅಂಥವರಿಗೆ ಮಂಡಳಿಯಲ್ಲಿ ಒಂದು ಕುರ್ಚಿ ಇಡಬೇಕೆಂಬ ಸೂತ್ರ ಕಂಪನಿಯ ರಚನೆಯಲ್ಲಿಲ್ಲ.

ಕುರ್ಚಿ ಇಲ್ಲದವರಿಗೆ ತಾವು ಬೆಂಚು ಹಾಕಿದ್ದೀರಿ, ಅದನ್ನೂ ಹೇಳಬೇಕು. ನಗರ ಮಟ್ಟದ ಸಲಹಾ ವೇದಿಕೆ ಎಂಬುದು ಅದರ ಹೆಸರು. ಸಂಸದರು, ಶಾಸಕರು, ಮೇಯರ್, ಜಿಲ್ಲಾಧಿಕಾರಿ, ತಾಂತ್ರಿಕ ತಜ್ಞರು, ಊರಿನ ಯುವಕರು, ಬಡಾವಣೆ ನಿವಾಸಿಗಳ ಸಂಘದವರು, ತೆರಿಗೆದಾರರ ಸಂಘದವರು, ಕೊಳೆಗೇರಿ ಒಕ್ಕೂಟದವರು ಎಲ್ಲರೂ ಅದರಲ್ಲಿ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಸಭೆ ಕರೆಯಬೇಕಾದವರು ಕಂಪನಿಯ ಸಿಇಒ. ವೋಟು ಹಾಕಿಸಿಕೊಂಡವರು, ತೆರಿಗೆ ಕಟ್ಟುವವರು, ಕೊಳೆಗೇರಿಯಲ್ಲಿ ಇರುವವರು ಸಲಹೆ ಕೊಡಬಹುದು. ತೀರ್ಮಾನದ ಹೊರೆಯನ್ನು ಮಾತ್ರ ಅವರ ಹೆಗಲಿಗೆ ಹಾಕಲು ತಮಗೆ ಮನಸ್ಸು ಬರಲಿಲ್ಲ.

ಆ ಹೊರೆ ಹೊರುವ ವಿಧಾನವೂ ಹಗುರ. ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ ಕನಿಷ್ಠ 4 ಮಂಡಳಿ ಸಭೆ. ಎರಡು ಸಭೆಗಳ ನಡುವೆ 120 ದಿನ ಮೀರಬಾರದು. ನಿರ್ದೇಶಕರಲ್ಲಿ ಮೂರನೇ ಒಂದರಷ್ಟು ಜನ ಅಥವಾ ಇಬ್ಬರು, ಯಾವುದು ಹೆಚ್ಚೋ ಅಷ್ಟಿದ್ದರೆ ಕೋರಂ. ವಿಡಿಯೊದಲ್ಲಿ ಕೂತವರೂ ಲೆಕ್ಕಕ್ಕುಂಟು. ಹಾಗಾಗಿ ದೆಹಲಿಯಲ್ಲಿ ಕೆಲವರು, ಬೆಂಗಳೂರಿನಲ್ಲಿ ಕೆಲವರು ಪರದೆಯ ಮೇಲೆ ತಲೆಯಾಡಿಸಿದರೂ ನಮ್ಮ ಸಂತೆಬೀದಿಯ ಹಣೆಬರಹ ಮುಂದಕ್ಕೆ ಸರಿಯುತ್ತದೆ. ನೋಡದ ಬೀದಿಯ ಬಗ್ಗೆ ತೀರ್ಮಾನಿಸುವುದು ಸುಲಭವಲ್ಲ. ಕನ್ಸಲ್ಟೆಂಟ್ ತಂದ ಪಿಪಿಟಿಯಲ್ಲಿ ಬೀದಿಯ ಎರಡೂ ಕಡೆ ಮರಗಳಿದ್ದವು, ಮರದ ಕೆಳಗೆ ಲ್ಯಾಪ್‌ಟಾಪ್ ಹಿಡಿದ ಹುಡುಗಿ ಕೂತಿದ್ದಳು. ಆ ಹುಡುಗಿಗಾಗಿ ನಾವು ಇನ್ನೂ ಕಾಯುತ್ತಿದ್ದೇವೆ. ಮರಕ್ಕಾಗಿಯೂ.

ನಮ್ಮ ಬೀದಿಗೆ ಗ್ರಾನೈಟ್ ಫುಟ್‌ಪಾತ್ ಬಂತು. ಅದರ ಅಂಚಿಗೆ ಸಾಲಾಗಿ ಕಬ್ಬಿಣದ ಗೂಟಗಳು ಬಂದವು. ದೇವಸ್ಥಾನದ ಮೂಲೆಯಲ್ಲಿ ಹೂವು ಕಟ್ಟಿ ಮಾರುವ ಅಕ್ಕ ಕೇಳಿದಳು:

‘ಅಣ್ಣಾ, ಈ ಗೂಟ ಯಾಕೆ ನೆಟ್ಟವ್ರೆ?’

‘ಬೊಲಾರ್ಡ್ ಅಂತಾರಕ್ಕ. ಗಾಡಿ ಫುಟ್‌ಪಾತ್ ಹತ್ತಬಾರದು ಅಂತ.’

‘ಗಾಡಿ ಹತ್ತಬಾರ್ದು ಸರಿ. ನಾನೂ ಕೂರಬಾರ್ದಂತಲ್ಲ!’

ಫುಟ್‌ಪಾತ್ ನಡೆಯುವವರದ್ದು, ನಿಜ. ಆದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವಳ ಬಗ್ಗೆಯೂ ಎರಡು ಮಾತು ಹೇಳಿದೆ. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸಬಾರದು ಎಂಬುದು ಒಂದು. ಊರಿನ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು ಎಂಬುದು ಇನ್ನೊಂದು. ಅಂದರೆ ಹೂವು ಮಾರುವ ಹೆಂಗಸು ಸಮಿತಿಯಲ್ಲಿ ಕೂತು ತೀರ್ಮಾನಿಸಬಲ್ಲಳೆಂದು ಇದೇ ದೇಶದ ಸಂಸತ್ತು ನಂಬಿತ್ತು, ಸ್ಮಾರ್ಟ್ ಸಿಟಿ ಹುಟ್ಟುವುದಕ್ಕೆ ಒಂದು ವರ್ಷ ಮೊದಲು. ಮರುವರ್ಷ ಆ ನಂಬಿಕೆಗೆ ಏನಾಯಿತೋ!

ಊರನ್ನು ಊರಿನವರಿಂದ ಕಾಪಾಡುವ ಮಂಡಳಿಗಳು ಹೊಸವೂ ಅಲ್ಲ. ಮುಂಬೈಯಲ್ಲಿ ಪ್ಲೇಗ್ ಬಡಿದಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಬೆಂಗಳೂರಿಗೆ 1945ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂದು, 1976ರಲ್ಲಿ ಬಿಡಿಎ ಆಯಿತು. ಮುಂಬೈಯವರ ಅವಸರಕ್ಕೆ ಇಲಿ ಮತ್ತು ಸಾವಿನ ನೆಪವಾದರೂ ಇತ್ತು. ನಮ್ಮ ಕಾಲದಲ್ಲಿ ಆ ಜಾಗಕ್ಕೆ ಆರ್ಥಿಕ ವರ್ಷದ ಕೊನೆ ಬಂದಿದೆ. ಅನುದಾನ ವಾಪಸ್ ಹೋಗುತ್ತದೆಂದು ಹೆದರಿ ಮಾರ್ಚಿನಲ್ಲಿ ಸುರಿದ ಕಾಂಕ್ರೀಟನ್ನು, ಒಳಚರಂಡಿ ಪೈಪಿನ ನೆನಪಾಗಿ ಜೂನ್‌ನಲ್ಲಿ ಒಡೆಯುವುದು ಇದಕ್ಕೇ ಇರಬೇಕು.

ಈಗ ಹಸ್ತಾಂತರದ ಮಾತು. ಕೇಂದ್ರ ಈ ಯೋಜನೆಗೆ ಇಟ್ಟದ್ದು 48,000 ಕೋಟಿ ರೂಪಾಯಿ. ಸರಾಸರಿ ಊರಿಗೆ ವರ್ಷಕ್ಕೆ 100 ಕೋಟಿ, ಅಷ್ಟೇ ಮೊತ್ತವನ್ನು ರಾಜ್ಯವೂ ಪಾಲಿಕೆಯೂ ಸೇರಿ ಹಾಕಬೇಕಿತ್ತು. ಅನುದಾನದ ಕಾಲ ಮುಗಿಯಿತು. ಕಂಪನಿ ಕಟ್ಟಿದ್ದನ್ನು ಇನ್ನು ನಡೆಸಬೇಕಾದದ್ದು ಪಾಲಿಕೆ. ಎಲ್‌ಇಡಿ ಕಂಬದ ಕರೆಂಟ್ ಬಿಲ್ಲು, ಕೆಟ್ಟ ಸೆನ್ಸರು, ನಿಂತ ಕಾರಂಜಿ, ಪರವಾನಗಿ ನವೀಕರಿಸಬೇಕಾದ ಸಾಫ್ಟ್‌ವೇರು ಅದರ ತಲೆಗೆ. ತೀರ್ಮಾನದ ಹೊತ್ತಿನಲ್ಲಿ ಯಾರನ್ನು ರಗಳೆಯೆಂದು ಹೊರಗಿಟ್ಟಿರೋ ಅವರೇ ಈಗ ವಾರಸುದಾರರು. ಕೇಳೋಣವೆಂದರೆ ತಾವಿಲ್ಲ. ಸಿಇಒಗೆ ಮೂರು ವರ್ಷದ ನಿಗದಿತ ಅವಧಿ ಎಂದು ಮಾರ್ಗಸೂಚಿಯಲ್ಲಿದೆ. ಆದರೆ ವರ್ಗಾವಣೆ ಆದೇಶಗಳು ಮಾರ್ಗಸೂಚಿ ಓದಿಕೊಂಡು ಹೊರಡುವುದಿಲ್ಲ. ಗುದ್ದಲಿ ಪೂಜೆಗೆ ಒಬ್ಬರು, ಬಿಲ್ಲಿಗೆ ಇನ್ನೊಬ್ಬರು, ಟೈಲ್ಸ್ ಕಿತ್ತುಬಂದಾಗ ಪ್ರಭಾರದಲ್ಲಿ ಮತ್ತೊಬ್ಬರು. ತಾವೆಲ್ಲ ಒಳ್ಳೆಯವರೇ, ಅನುಮಾನವಿಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರೆ ಯಾರೂ ಯಾವುದಕ್ಕೂ ಹೊಣೆಯಲ್ಲ ಎಂಬುದೇ ಮಂಡಳಿಯ ದೊಡ್ಡಗುಣ.

ಆದ್ದರಿಂದ ಕೋರಿದ ಘಟನೋತ್ತರ ಒಪ್ಪಿಗೆಯನ್ನು (ತಾವು ಕೋರಿಲ್ಲ, ಕೋರಿದ್ದೀರೆಂದು ನಾವೇ ಭಾವಿಸಿದ್ದೇವೆ) ಈ ಕೆಳಗಿನ ಷರತ್ತುಗಳಿಗೊಳಪಟ್ಟು ನೀಡಲಾಗಿದೆ.

ಒಂದು, ಹಸ್ತಾಂತರ ಕಡತದಿಂದ ಕಡತಕ್ಕೆ ಆಗಕೂಡದು, ವಾರ್ಡಿನಲ್ಲಿ ಆಗಬೇಕು. ಏನು ಕಟ್ಟಿದಿರಿ, ಎಷ್ಟಾಯಿತು, ಗುತ್ತಿಗೆದಾರರು ಯಾರು, ದೋಷ ಕಂಡರೆ ಅವರೇ ಸರಿಪಡಿಸಬೇಕಾದ ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂಬುದನ್ನು ಕೆಲಸ ನಡೆದ ಜಾಗದಲ್ಲೇ ಬೋರ್ಡಿನಲ್ಲಿ ಬರೆಸಿ.

ಎರಡು, ಈವರೆಗಿನ ಎಲ್ಲ ಸಭಾ ನಡಾವಳಿಗಳನ್ನು ಕನ್ನಡದಲ್ಲಿ ಪ್ರಕಟಿಸಿ. ಮಂಡಳಿ-ಸಮಿತಿಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ನೋಡಲು ಸಿಗುತ್ತದೆಯೇ ಎಂಬುದನ್ನು ತಾವಾಗಿಯೇ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ನು ಹೇಳುತ್ತದೆ. ಅರ್ಜಿ ಹಾಕಿ ಹತ್ತು ರೂಪಾಯಿ ಕಟ್ಟುವ ಕಷ್ಟ ನಮಗೂ, ನಿರಾಕರಿಸುವ ಕಷ್ಟ ತಮಗೂ ತಪ್ಪೀತು.

ಮೂರು, ಇಂಥ ಯೋಜನೆ ಬೇರೊಂದು ಹೆಸರಿನಲ್ಲಿ ಮತ್ತೆ ಬಂದೇ ಬರುತ್ತದೆ. ಆಗ ಮಾರಾಟ ಸಮಿತಿಯ ಲೆಕ್ಕವನ್ನೇ ಮಂಡಳಿಗೂ ಹಿಡಿಯಿರಿ: ಶೇ 40 ಕುರ್ಚಿ, ಆ ಬೀದಿಯಲ್ಲಿ ದುಡಿಯುವವರಿಗೆ ಮತ್ತು ಬದುಕುವವರಿಗೆ. ಅವರಿಗೆ ಪಿಪಿಟಿ ಅರ್ಥವಾಗದಿರಬಹುದು. ಮಳೆ ಬಂದಾಗ ನೀರು ಯಾವ ಕಡೆಯಿಂದ ನುಗ್ಗುತ್ತದೆಂಬುದು ಅರ್ಥವಾಗಿರುತ್ತದೆ.

ಈ ಪತ್ರ ತಲುಪಿದ 120 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಈ ಬಗ್ಗೆ ತಮ್ಮದೇನೂ ಹೇಳಿಕೆ ಇಲ್ಲವೆಂದು ಭಾವಿಸಿ, ಮುಂದಿನ ಸಭೆಯನ್ನು ನಮ್ಮ ವಾರ್ಡಿನಲ್ಲಿ ನಾವೇ ಕರೆಯುತ್ತೇವೆ. ತಮಗೆ ಆಹ್ವಾನ ಬರುತ್ತದೆ, ಸಲಹೆಗಾರರಾಗಿ. ಬರಲಾಗದಿದ್ದರೂ ಚಿಂತೆಯಿಲ್ಲ. ನಮ್ಮ ಬೀದಿಯಲ್ಲಿ ಕೋರಂಗೆ ಯಾವತ್ತೂ ಕೊರತೆಯಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಆಸ್ತಿ ತೆರಿಗೆ ಬಾಕಿ ಉಳಿಸಿಕೊಳ್ಳದ ಒಬ್ಬ ನಾಗರಿಕ