ಹೊನ್ನು ಮೊಳೆಯುವ ಬಗೆ: ಪಾಳುಮನೆಯ ನಿಧಿಶಾಸ್ತ್ರಕ್ಕೊಂದು ಪೀಠಿಕೆ

ಪಾಳುಮನೆಯಲ್ಲಿ ನಿಧಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಈವರೆಗಿನವರೆಲ್ಲ ತಪ್ಪಾಗಿಯೇ ಕೇಳಿಕೊಂಡು ಬಂದಿದ್ದಾರೆ. ಹಿಂದಿನವರು ಹೂತಿಟ್ಟರು, ನಡುವಿನವರು ಮರೆತರು, ಈಗಿನವರು ಅಗೆದು ತೆಗೆಯಬೇಕು ಎಂದು ಯೋಚಿಸುತ್ತ ಹೋದರೆ ಶಾಸ್ತ್ರ ಮುಂದಕ್ಕೆ ಹೋಗುವುದಿಲ್ಲ, ಗುಂಡಿ ಮಾತ್ರ ಕೆಳಕ್ಕೆ ಹೋಗುತ್ತದೆ. ಈ ಪ್ರಬಂಧದ ಸಿದ್ಧಾಂತವೇ ಬೇರೆ. ನಿಧಿಯನ್ನು ಯಾರೂ ಹೂಳುವುದಿಲ್ಲ; ಮನೆಗೆ ಬೀಗ ಬಿದ್ದ ಮೇಲೆ ಅದು ತಾನಾಗಿಯೇ ಹುಟ್ಟುತ್ತದೆ. ಬಾಳೆಗೆ ನೀರು ಹೇಗೋ ಹೊನ್ನಿಗೆ ಬೀಗ ಹಾಗೆ. ಬೀಗಕ್ಕೆ ತುಕ್ಕು ಹಿಡಿದಷ್ಟೂ ನೆಲದಡಿಯ ಚಿನ್ನ ಹೆಚ್ಚುತ್ತದೆ, ಆ ಮನೆಯಲ್ಲಿ ಬಾಳಿದವರು ಬಡವರಾಗಿದ್ದಷ್ಟೂ ಇನ್ನೂ ಹೆಚ್ಚುತ್ತದೆ. ಇದನ್ನು ಬೀಗ-ಹೊನ್ನು ನಿಯಮ ಎಂದು ಕರೆಯೋಣ.

ಮೊದಲು ಪ್ರತ್ಯಕ್ಷ ಪ್ರಮಾಣ. ಮಲೆನಾಡಿನ ಯಾವ ತೊಟ್ಟಿಮನೆಯನ್ನಾದರೂ ತೆಗೆದುಕೊಳ್ಳಬಹುದು. ಅಲ್ಲಿ ಜನ ಇದ್ದಷ್ಟು ದಿನ ಚಿನ್ನದ ಸೊಲ್ಲೇ ಇರುವುದಿಲ್ಲ. ಯಜಮಾನರು ಅಡಿಕೆ ಮಂಡಿಯಲ್ಲಿ ಮುಂಗಡ ಎತ್ತಿರುತ್ತಾರೆ, ಸೊಸೈಟಿಯಲ್ಲಿ ಬೆಳೆಸಾಲ ಬಾಕಿ ಇರುತ್ತದೆ, ಮಗಳ ಮದುವೆಗೆ ಗದ್ದೆ ಅಡ ಬಿದ್ದಿರುತ್ತದೆ. ಜಗಲಿಯ ಕೆಳಗೆ ಕೊಪ್ಪರಿಗೆ ಇಟ್ಟುಕೊಂಡವರು ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸಲು ಪಕ್ಕದ ಮನೆಯಲ್ಲಿ ಕೈಸಾಲ ಕೇಳುತ್ತಾರೆಯೇ? ಆಗ ಅಲ್ಲಿ ಏನೂ ಇರಲಿಲ್ಲ ಎಂಬುದು ಖಚಿತ. ಆಮೇಲೆ ಮಕ್ಕಳು ಬೆಂಗಳೂರು ಸೇರುತ್ತಾರೆ, ಅಜ್ಜಿಯ ಕಾಲಾನಂತರ ಬೀಗ ಬೀಳುತ್ತದೆ. ಮೊದಲ ಮಳೆಗಾಲ ಮುಗಿಯುವುದರೊಳಗೆ ಅಂಗಡಿಕಟ್ಟೆಯ ಮಾತಿನಲ್ಲಿ ನಾಲ್ಕು ಬೆಳ್ಳಿ ರೂಪಾಯಿ ಕಾಣಿಸಿಕೊಳ್ಳುತ್ತವೆ. ಹೆಂಚು ಜಾರಿ ಗೋಡೆ ನೆನೆಯುವ ಹೊತ್ತಿಗೆ ಅವು ಒಂದು ಚೊಂಬು ತುಂಬಿರುತ್ತವೆ. ತೊಟ್ಟಿಯಲ್ಲಿ ಅತ್ತಿಗಿಡ ಎದೆಮಟ್ಟ ಬೆಳೆಯುವಾಗ ಚೊಂಬು ಕೊಪ್ಪರಿಗೆಯಾಗಿರುತ್ತದೆ, ಅಮಾವಾಸ್ಯೆಯ ರಾತ್ರಿ ನೆಲದಡಿ ಉರುಳಾಡುವ ಸದ್ದೂ ಕೇಳಿಸುತ್ತದೆ. ಕೊನೆಗೊಂದು ಸರ್ಪ ಬಂದು ಕಾವಲು ಕೂರುತ್ತದೆ. ಬೀಜ, ಮೊಳಕೆ, ಬಳ್ಳಿ, ಕಾಯಿ ಎಂದು ಸಸ್ಯಶಾಸ್ತ್ರದವರು ಹೇಳುವ ಕ್ರಮವೇ ಇದು. ಬೇಲಿ ಮಾತ್ರ ಇಲ್ಲಿ ಕೊನೆಯಲ್ಲಿ ಬರುತ್ತದೆ.

ಇದಕ್ಕೆ ಪೂರ್ವಪಕ್ಷದವರು ಅರ್ಥಾಪತ್ತಿಯನ್ನು ತಂದೊಡ್ಡುತ್ತಾರೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ಅದೇ ರೀತಿ, ಪಟೇಲರ ಮನೆತನ, ಮಕ್ಕಳಿಗೇನೂ ಬಿಟ್ಟುಹೋಗಲಿಲ್ಲ, ಆದ್ದರಿಂದ ಹೂತಿಟ್ಟಿರಲೇಬೇಕು ಎನ್ನುತ್ತಾರೆ ಇವರು. ಈ ದೇವದತ್ತ ದಪ್ಪಗಿದ್ದನೆಂದು ಇವರಿಗೆ ಹೇಳಿದವರು ಯಾರು? ಪಟೇಲಿಕೆ ಇತ್ತು ಎಂಬುದರಿಂದ ಪೇಟ ಇತ್ತು ಎಂದಷ್ಟೇ ಊಹಿಸಬಹುದು. ಆದರೆ ಅನುಪಲಬ್ಧಿಯ ವಿಷಯದಲ್ಲಿ ಇವರು ತೋರುವ ಧೈರ್ಯಕ್ಕೆ ತಲೆಬಾಗಲೇಬೇಕು. ಹುಡುಕಿದ ಕಡೆ ವಸ್ತು ಸಿಗದಿದ್ದರೆ ಅಲ್ಲಿ ಅದು ಇಲ್ಲ ಎಂಬುದು ಭಾಟ್ಟರೂ ಅದ್ವೈತಿಗಳೂ ಒಪ್ಪಿದ ಮಾತು. ನಿಧಿಶಾಸ್ತ್ರದಲ್ಲಿ ಸಿಗದಿದ್ದರೆ ಇನ್ನೂ ಆಳದಲ್ಲಿದೆ ಎಂದರ್ಥ. ಇದ್ದಿಲು ಸಿಕ್ಕರೆ ಅದು ಭಾಗ್ಯಹೀನನ ಕಣ್ಣಿಗೆ ಇದ್ದಿಲಾದ ಚಿನ್ನ. ಹಳೆಯ ಮನೆಯಲ್ಲಿ ಒಲೆ ಉರಿಯುತ್ತಿತ್ತು ಎಂಬ ಸಣ್ಣ ಸಂಗತಿಯನ್ನು ಇಷ್ಟು ದೊಡ್ಡ ತತ್ತ್ವ ಮರೆತಿದ್ದರೆ ಅದನ್ನು ದೋಷವೆನ್ನಲಾಗದು.

ಶಾಸನ ಮತ್ತು ಕಾನೂನು ನಮ್ಮ ಪಕ್ಷದಲ್ಲಿವೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿ ಪಡೆದವನಿಗೆ ಅಷ್ಟಭೋಗಗಳನ್ನು ಬರೆದುಕೊಡುತ್ತಿದ್ದರು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ. ನಿಕ್ಷೇಪವೆಂದರೆ ಯಾರೋ ಇಟ್ಟದ್ದು. ಹಾಗಿದ್ದರೆ ನಿಧಿಯನ್ನು ಬೇರೆಯಾಗಿ ಹೇಳಿದ್ದೇಕೆ? ಯಾರೂ ಇಡದೆ ಆದದ್ದು ಎಂದೇ ಅಲ್ಲವೇ! ಈ ಪಟ್ಟಿಯ ಅನುಕ್ರಮವನ್ನೂ ಗಮನಿಸಬೇಕು. ನಿಧಿಗೆಂದು ಅಗೆಯಲು ತೊಡಗಿದವನಿಗೆ ಸಿಗುವುದು ಜಲ, ಅದರ ಕೆಳಗೆ ಪಾಷಾಣ. ಶಾಸನ ಬರೆದ ಕವಿ ಗುಂಡಿಯೊಳಗೆ ಇಳಿದು ನೋಡಿದವನೇ ಇರಬೇಕು. ಬ್ರಿಟಿಷರ 1878ರ ಕಾಯ್ದೆ ಇನ್ನೂ ಸ್ಪಷ್ಟ. ಮಣ್ಣಿನಲ್ಲಿ ಅಡಗಿದ, ಹತ್ತು ರೂಪಾಯಿಗೆ ಮೀರಿದ ಬೆಲೆಯದೇನಾದರೂ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು; ಅದನ್ನು ನೂರು ವರ್ಷದೊಳಗೆ ಅಡಗಿಸಿಟ್ಟದ್ದೇ ಎಂದು ಕಲೆಕ್ಟರರು ವಿಚಾರಿಸಬೇಕು. ನಿಧಿಯ ಗರ್ಭಾವಧಿ ನೂರು ವರ್ಷವೆಂದು ಸರ್ಕಾರ ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿಲ್ಲ. ಕರ್ನಾಟಕಕ್ಕೆ 1962ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಹೀಗಿದ್ದೂ ನಿಧಿಗಳ್ಳರು ಕಾಡುಗುಡಿಗಳ ನಂದಿಯ ಹೊಟ್ಟೆ ಸೀಳುತ್ತಾರೆ, ಊರ ಹೊರಗಿನ ವೀರಗಲ್ಲನ್ನು ಕಿತ್ತು ಮಗುಚುತ್ತಾರೆ. ಕಳವು, ಅಪರಾಧ ಎಂಬ ಮಾತನ್ನು ಪೊಲೀಸರಿಗೆ ಬಿಟ್ಟರೂ ಇದು ಶುದ್ಧ ಅಶಾಸ್ತ್ರೀಯ ಕೃತ್ಯ. ನಂದಿಗೆ ಬೀಗ ಎಲ್ಲಿದೆ?

ದೊಡ್ಡ ಪ್ರಮಾಣದ ಪ್ರಯೋಗ ನಡೆದದ್ದು 2013ರ ಅಕ್ಟೋಬರ್‌ನಲ್ಲಿ, ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಡೌಂಡಿಯಾ ಖೇಡಾದಲ್ಲಿ. 1857ರ ದಂಗೆಯ ನಂತರ ಬ್ರಿಟಿಷರು ಗಲ್ಲಿಗೇರಿಸಿದ ಅಲ್ಲಿನ ರಾಜ ಸಾಧುವೊಬ್ಬರ ಕನಸಿನಲ್ಲಿ ಬಂದು, ಪಾಳುಕೋಟೆಯ ಕೆಳಗೆ ಸಾವಿರ ಟನ್ ಚಿನ್ನವಿದೆ ಎಂದು ತಿಳಿಸಿದ. ಆಗ ಭಾರತೀಯ ರಿಸರ್ವ್ ಬ್ಯಾಂಕಿನ ಬಳಿ ಇದ್ದದ್ದು ಸುಮಾರು 558 ಟನ್. ಸಣ್ಣ ಸಂಸ್ಥಾನದ ರಾಜನೊಬ್ಬ ಬದುಕಿದ್ದಾಗ ದೇಶದ ಬೊಕ್ಕಸದ ಎರಡರಷ್ಟರ ಹತ್ತಿರ ಕೂಡಿಟ್ಟಿರಲಾರ. ಕೋಟೆ ಪಾಳುಬಿದ್ದ ನೂರೈವತ್ತು ವರ್ಷಗಳ ಬೆಳೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಪುರಾತತ್ತ್ವ ಇಲಾಖೆ ಅಗೆಯಿತು. ಇಟ್ಟಿಗೆ, ಮಡಕೆ ಚೂರು, ಬಳೆ ಚೂರು ಸಿಕ್ಕವು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಕ್ಕವರು ಇಲಿಯ ಬೆಲೆ ತಿಳಿಯದವರು. ಬಳೆ ಚೂರಿನಿಂದ ಅಲ್ಲೊಬ್ಬ ಹೆಂಗಸು ಇದ್ದಳೆಂದು, ಮಡಕೆಯಿಂದ ಅವಳು ಅಟ್ಟುಂಡಳೆಂದು ತಿಳಿಯುತ್ತದೆ. ಸಾವಿರ ಟನ್ ಚಿನ್ನ ಸಿಕ್ಕಿದ್ದರೆ ಅದರಿಂದ ಏನು ತಿಳಿಯುತ್ತಿತ್ತು? ತೂಕ ಮಾತ್ರ.

ಇನ್ನು ಯಂತ್ರದ ವಿಚಾರ. ವೀಳ್ಯದೆಲೆಗೆ ಅಂಜನ ಹಚ್ಚಿ ನೋಡುವ ಪಾಯಾಳುಗಳ ಜಾಗಕ್ಕೆ ಈಗ ಮೆಟಲ್ ಡಿಟೆಕ್ಟರ್ ಬಂದಿದೆ, ಆದ್ದರಿಂದ ಇದು ವಿಜ್ಞಾನ, ನಿಮ್ಮ ಸಿದ್ಧಾಂತ ಮೂಢನಂಬಿಕೆ ಎಂಬುದು ಎರಡನೆಯ ಆಕ್ಷೇಪ. ಯಂತ್ರದ ಜಾತಕವನ್ನೇ ನೋಡೋಣ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಟೆಲಿಫೋನಿನ ಗ್ರಹಾಂ ಬೆಲ್ ಮೈಯೊಳಗಿನ ಗುಂಡನ್ನು ಪತ್ತೆಹಚ್ಚಲು ಇಂಥದೊಂದು ಉಪಕರಣ ತಂದ. ಹಾಸಿಗೆಯಡಿಯ ಉಕ್ಕಿನ ಸ್ಪ್ರಿಂಗುಗಳೂ ಅದರೊಳಗೆ ದನಿ ಸೇರಿಸಿದವು. ವೈದ್ಯರು ಬಲಗಡೆ ಹುಡುಕಿಸಿದರು, ಗುಂಡು ಎಡಗಡೆ ಇತ್ತು. ಅಧ್ಯಕ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಯಜಮಾನ ಹೇಳಿದ ಕಡೆ ಹುಡುಕುವುದು, ಅಲ್ಲಿರುವ ಯಾವುದೋ ಕಬ್ಬಿಣಕ್ಕೆ ದನಿಗೊಡುವುದು ಎಂಬ ಈ ಎರಡು ಗುಣಗಳು ಯಂತ್ರಕ್ಕೆ ಹುಟ್ಟಿನಿಂದ ಬಂದವು. ಅದರ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರ ಹರಡುತ್ತದೆ. ಕೆಳಗಿನ ಲೋಹದಲ್ಲಿ ಸುಳಿಪ್ರವಾಹ ಎದ್ದು ಮರುದನಿ ಕೊಡುತ್ತದೆ. ಯಂತ್ರ ಕೇಳಿಸಿಕೊಳ್ಳುವುದು ಇಷ್ಟನ್ನೇ, ಲೋಹದ ಬೆಲೆಯನ್ನಲ್ಲ. ತೆಳುವಾದ ಚಿನ್ನದುಂಗುರ, ಮಾತ್ರೆಪಟ್ಟಿಯ ಅಲ್ಯೂಮಿನಿಯಂ ತಗಡು, ಎರಡೂ ಅದರ ಕಿವಿಗೆ ಹೆಚ್ಚುಕಡಿಮೆ ಒಂದೇ. ಸಾಮಾನ್ಯ ಯಂತ್ರಕ್ಕೆ ಒಂದು ನಾಣ್ಯ ಕೇಳಿಸುವುದು ಗೇಣುದ್ದ ಆಳದವರೆಗೆ. ನಮ್ಮ ಕೊಪ್ಪರಿಗೆಗಳೋ ಏಳಾಳು ಆಳಕ್ಕಿಂತ ಮೇಲೆ ಇರುವುದು ಅವಮಾನವೆಂದು ಬಗೆದಿವೆ. ಕರಾವಳಿಯ ಮುರಕಲ್ಲಿನ ನೆಲದಲ್ಲಂತೂ ಕಲ್ಲಿನೊಳಗೇ ಕಬ್ಬಿಣದ ಅಂಶ ತುಂಬಿರುವುದರಿಂದ ಯಂತ್ರ ಕಾಲಿಟ್ಟಲ್ಲೆಲ್ಲ ಗೊಣಗುತ್ತದೆ.

ಹಾಗೆ ಗೊಣಗಿದ ಕಡೆ ಅಗೆದರೆ ಹಿಡಿಯಿಲ್ಲದ ಕುಡುಗೋಲು, ಎತ್ತಿನ ಲಾಳ, ಬಾವಿಯ ರಾಟೆಯ ತುಂಡು, ಅಡಕತ್ತರಿಯ ಒಂದು ಕಾಲು ಸಿಗುತ್ತವೆ. ಅದೃಷ್ಟವಿದ್ದರೆ 1943ರಿಂದ 47ರವರೆಗೆ ಚಲಾವಣೆಗೆ ಬಂದ ತೂತಿನ ಕಾಸು. ರೂಪಾಯಿಗೆ ಅರವತ್ತನಾಲ್ಕರಂತೆ ಸಿಗುತ್ತಿದ್ದ ಅದರಲ್ಲಿ ನಡುವಿನ ಲೋಹವನ್ನೂ ಸರ್ಕಾರ ಮೊದಲೇ ತೆಗೆದುಕೊಂಡಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, ಹತ್ತಕ್ಕೆ ಎಂಟು ಗುಂಡಿಗಳಲ್ಲಿ ಎಂದು ಉತ್ಪ್ರೇಕ್ಷಿಸಿದರೂ ಯಾವ ಅಗೆದವನೂ ತಕರಾರು ಮಾಡಲಾರ, ಸಿಗುವುದು ಮೊಳೆ. ಸೋತವರು ಇದನ್ನು ಕಸವೆಂದು ಎಸೆಯುತ್ತಾರೆ. ಕನ್ನಡ ಬಲ್ಲವನು ಹಾಗೆ ಮಾಡಲಾರ. ಮೊಳೆ ಎಂಬ ಮಾತಿಗೆ ಚಿಗುರೊಡೆ ಎಂಬ ಅರ್ಥವೂ ಇದೆ. ನೆಲದಡಿ ಹೊನ್ನು ಇನ್ನೂ ಮೊಳೆಯುತ್ತಿದೆ, ಬೆಳೆ ಬಲಿತಿಲ್ಲ, ಮುಚ್ಚಿ ಎಂದು ಭೂಮಿ ತಿಳಿಗನ್ನಡದಲ್ಲಿ ಹೇಳುತ್ತಿರುವಾಗ ಪುನಃ ಗುದ್ದಲಿ ಎತ್ತುವುದು ಎಳೆಕಾಯಿ ಕಿತ್ತಂತೆ.

ಕೊನೆಯ ಆಕ್ಷೇಪವೇ ನಿಜಕ್ಕೂ ಗಟ್ಟಿ: ನಿಧಿ ಸಿಕ್ಕ ಉದಾಹರಣೆಗಳಿವೆಯಲ್ಲ? ಇವೆ. ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರ್‌ನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊರಟ ಒಬ್ಬಾತನಿಗೆ ರೋಮನ್ ಕಾಲದ ನಿಧಿಯೊಂದು ಸಿಕ್ಕಿತು. ಚಿನ್ನ, ಬೆಳ್ಳಿ, ಕಂಚು ಸೇರಿ 14,865 ನಾಣ್ಯ, ಮೇಲೆ ಬೆಳ್ಳಿಯ ಚಮಚಗಳು, ಚಿನ್ನದ ಒಡವೆಗಳು. ಬೀಗ ಬಿದ್ದ ಮನೆಯೂ ಅಲ್ಲ, ಬಟಾಬಯಲು ಹೊಲ. ಬೀಗ-ಹೊನ್ನು ನಿಯಮ ಇಲ್ಲಿಗೆ ಮುರಿದುಬಿತ್ತು ಎಂದು ಪೂರ್ವಪಕ್ಷದವರು ಚಪ್ಪಾಳೆ ತಟ್ಟುವ ಮೊದಲು ಆತ ಆ ಹೊಲದಲ್ಲಿ ಹುಡುಕುತ್ತಿದ್ದದ್ದು ಏನನ್ನು ಎಂದು ಕೇಳಬೇಕು. ಸುತ್ತಿಗೆಯನ್ನು. ಪರಿಚಯದ ರೈತನೊಬ್ಬ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆಯನ್ನು ಹುಡುಕಿಕೊಡಲು ಬಂದಿದ್ದ. ಹೊನ್ನು ಕಂಡವನೇ ಬುಡ ಮಟ್ಟ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದ್ದರಿಂದ, ಯಾವುದರ ಪಕ್ಕ ಯಾವುದಿತ್ತು ಎಂಬುದೂ ಉಳಿಯಿತು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ಹೀಗಾಗಿ ನಿಯಮಕ್ಕೊಂದು ಉಪನಿಯಮ ಸೇರಿಸಬೇಕಾಗುತ್ತದೆ: ಬಲಿತ ನಿಧಿ ಸುತ್ತಿಗೆ ಹುಡುಕುವವನಿಗೆ ಮಾತ್ರ ಸಿಗುತ್ತದೆ. ನಮ್ಮ ಪಾಳುಮನೆಗಳಲ್ಲಿ ಇದರ ಪ್ರಯೋಗ ನಡೆಸಲು ಖರ್ಚೂ ಕಡಿಮೆ. ಮನೆಯ ವಾರಸುದಾರರ ಒಪ್ಪಿಗೆ ಮತ್ತು ಒಂದು ಸುತ್ತಿಗೆ ಸಾಕು. ಕೆಲವರು ಈಗಾಗಲೇ ಸುತ್ತಿಗೆಯನ್ನು ಹಿತ್ತಲಿಗೆ ಎಸೆದು, ಕಣ್ಣು ಮುಚ್ಚಿ ಮೂರು ಸುತ್ತು ತಿರುಗಿ, ಹುಡುಕಲು ಹೊರಟಾರು. ಅದು ನಡೆಯುವುದಿಲ್ಲ. ಸುತ್ತಿಗೆ ನಿಜಕ್ಕೂ ಕಳೆದಿರಬೇಕು, ಕಳೆದುಕೊಂಡವನಿಗೆ ನಾಳೆ ಬೆಳಿಗ್ಗೆ ಅದರಿಂದ ಕೆಲಸವಿರಬೇಕು, ಅಗೆಯುವಾಗ ಮನಸ್ಸಿನಲ್ಲಿ ಕೊಪ್ಪರಿಗೆ ಒಮ್ಮೆಯೂ ಉರುಳಬಾರದು. ಸದ್ಯಕ್ಕೆ ಪ್ರಯೋಗ ನಿಂತಿರುವುದು ಈ ಮೂರನೆಯ ಷರತ್ತಿನ ಬಳಿ.